ಎರಡು ಮಿಲಿಮೀಟರ್ ದ್ರಾವಕ ಮತ್ತು ಸುಗಂಧಾ ಕಾಂಬಳೆ

ಸಕ್ಕರೆ ಕಾರ್ಖಾನೆಯೊಂದು 2025ರಲ್ಲಿ ಹೊರತಂದ ಸ್ಮರಣ ಸಂಚಿಕೆಯ ಹದಿನೇಳನೆಯ ಪುಟದಲ್ಲಿ ಒಂದು ವಾಕ್ಯವಿದೆ: ‘ಉಪ ವ್ಯವಸ್ಥಾಪಕರಾದ ಶ್ರೀ ಮುರಗೆಪ್ಪನವರ ದೂರದೃಷ್ಟಿಯಿಂದ ದ್ರಾವಕದ ಪದರದ ಸೂಕ್ತ ದಪ್ಪವನ್ನು ಕಂಡುಹಿಡಿದು, ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಶೇಕಡಾ 5.97ಕ್ಕೆ ಇಳಿಸಲಾಯಿತು.’ ಈ ಒಂದು ವಾಕ್ಯದಲ್ಲಿ ಮೂರು ಸುಳ್ಳುಗಳಿವೆ. ದಪ್ಪವನ್ನು ಕಂಡುಹಿಡಿದವರು ಮುರಗೆಪ್ಪ ಅಲ್ಲ. ಅವರಲ್ಲಿದ್ದದ್ದು ದೂರದೃಷ್ಟಿಯೂ ಅಲ್ಲ. ಹತ್ತು ನಿಮಿಷಕ್ಕಿಂತ ಮುಂದೆ ಅವರ ದೃಷ್ಟಿ ಹೋದದ್ದನ್ನು ಕಂಡವರಿಲ್ಲ. ಇನ್ನು 5.97 ಎಂಬ ಸಂಖ್ಯೆಯ ವಿಚಾರ. ಆ ಕಾರ್ಖಾನೆಯಲ್ಲಿ ಹೊಗೆಯನ್ನು ಅಳೆಯುವ ಆರ್ಸಾಟ್ ಗಾಜಿನ ನಳಿಕೆಯಲ್ಲಿ 0.2ಕ್ಕಿಂತ ಸೂಕ್ಷ್ಮವಾದ ಗೆರೆಯೇ ಇಲ್ಲ. ಆದ್ದರಿಂದ ಆ ಏಳನ್ನು ಯಾರೋ ಮುದ್ರಣಾಲಯದಲ್ಲಿ ಕುಳಿತು ಹೆತ್ತಿರಬೇಕು.

ಕಾರ್ಖಾನೆಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದು ಅದಕ್ಕೆ ಇನ್ನಷ್ಟು ಪ್ರಚಾರ ಕೊಡುವ ಇಚ್ಛೆ ನನಗಿಲ್ಲ. ನಾನು ಬರೆಯಬೇಕಾದ ಹೆಸರು ಆ ಸಂಚಿಕೆಯ ನೂರಾ ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇಲ್ಲದ ಹೆಸರು: ಸುಗಂಧಾ ಕಾಂಬಳೆ.

ಸುಗಂಧಾ ಶಿರಗುಪ್ಪಿ ಊರಿನವರು, ಈ ಘಟನೆಯ ಕಾಲಕ್ಕೆ ವಯಸ್ಸು ನಲವತ್ತನಾಲ್ಕು. ಬೌದ್ಧ ಕುಟುಂಬ, ಸ್ವಂತ ಜಮೀನಿಲ್ಲ. ತಾಯಿ ಭೀಮಾಬಾಯಿ ಕಬ್ಬಿನ ಹೊಲಗಳಲ್ಲಿ ಕಳೆ ತೆಗೆದು ಮಗಳನ್ನು ಹತ್ತನೆಯ ತರಗತಿಯವರೆಗೆ ಓದಿಸಿದರು. ಶಾಲೆಗೆ ರಜೆ ಇದ್ದ ದಿನಗಳಲ್ಲಿ ಸುಗಂಧಾ ಕಬ್ಬಿನ ಸಾಲುಗಳಿಗೆ ನೀರು ತಿರುಗಿಸುವ ಕೆಲಸ ಮಾಡುತ್ತಿದ್ದರು. ಒಂದು ಸಾಲು ತುಂಬಿದೊಡನೆ ಸಲಿಕೆಯಿಂದ ಒಡ್ಡು ಮುಚ್ಚಿ ಇನ್ನೊಂದನ್ನು ತೆರೆಯುವುದೇ ಆ ಕೆಲಸ. 2005ರಲ್ಲಿ ಕಾರ್ಖಾನೆಯ ಪ್ರಯೋಗಾಲಯಕ್ಕೆ ಗಾಜಿನ ಪಾತ್ರೆ ತೊಳೆಯಲು ಸೇರಿದರು. ತೊಳೆಯುತ್ತ ತೊಳೆಯುತ್ತ, ಯಾರೂ ಕಲಿಸದೆ, ಆರ್ಸಾಟ್ ಉಪಕರಣದಲ್ಲಿ ಬಾಯ್ಲರಿನ ಹೊಗೆಯನ್ನು ಅಳೆಯುವುದನ್ನು ಕಲಿತರು. ನೂರು ಭಾಗ ಹೊಗೆಯನ್ನು ಕ್ಷಾರದ ನೀರಿನಲ್ಲಿ ಹಾಯಿಸಬೇಕು. ಎಷ್ಟು ಭಾಗ ಕಡಿಮೆಯಾಯಿತೋ ಅಷ್ಟೇ ಇಂಗಾಲದ ಡೈಆಕ್ಸೈಡ್. ಹೇಳುವುದು ಸುಲಭ. ನೀರಿನ ಮಟ್ಟಕ್ಕೆ ಸರಿಯಾಗಿ ಕಣ್ಣಿಟ್ಟು, ಉಸಿರು ಬಿಗಿಹಿಡಿದು, ಹತ್ತೊಂಬತ್ತು ವರ್ಷ ಪ್ರತಿ ಪಾಳಿಯಲ್ಲಿ ಮೂರು ಬಾರಿ ಅದನ್ನೇ ಮಾಡುವುದು ಸುಲಭವಲ್ಲ. ನಾನು ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದವನು. ಅಳೆಯುವ ಕೈ ಯಾವುದು, ಅಳೆದಂತೆ ನಟಿಸುವ ಕೈ ಯಾವುದು ಎಂದು ನನಗೆ ಗೊತ್ತಾಗುತ್ತದೆ.

2023ರ ಡಿಸೆಂಬರಿನಲ್ಲಿ ಪುಣೆಯ ಸಂಸ್ಥೆಯೊಂದು ಪ್ರಯೋಗಾರ್ಥವಾಗಿ ಬಾಯ್ಲರಿನ ಚಿಮಣಿಯ ಬಳಿ ಒಂದು ಸಣ್ಣ ಯಂತ್ರವನ್ನು ಹೂಡಿತು. ಕಬ್ಬಿನ ಸಿಪ್ಪೆ ಸುಟ್ಟ ಹೊಗೆಯನ್ನು ತಣಿಸಿ, ತೊಳೆದು, ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಯಂತ್ರ. ಅದರಲ್ಲಿ ನಾಲ್ಕು ಕೋಶಗಳು. ಪ್ರತಿ ಕೋಶದಲ್ಲಿ ಎರಡು ತೆಳು ಪೊರೆಗಳು. ಅವುಗಳ ನಡುವೆ ಪೊಟ್ಯಾಶಿಯಂ ಕಾರ್ಬೊನೇಟ್ ಬೆರೆಸಿದ ದ್ರಾವಕದ ಒಂದು ಪದರ. ಹೊಗೆ ಒಂದು ಬದಿಯಿಂದ ಹಾಯುತ್ತದೆ. ಇಂಗಾಲದ ಡೈಆಕ್ಸೈಡ್ ಮೊದಲ ಪೊರೆಯನ್ನು ನುಸುಳಿ, ದ್ರಾವಕದಲ್ಲಿ ಕರಗಿ, ಅದನ್ನು ಅಡ್ಡಲಾಗಿ ದಾಟಿ, ಎರಡನೆಯ ಪೊರೆಯಾಚೆ ಹೊರಬೀಳುತ್ತದೆ. ಅಲ್ಲಿ ಪಂಪು ಅದನ್ನು ಎಳೆದುಕೊಳ್ಳುತ್ತದೆ. ಒಳಬರುವ ಹೊಗೆಯಲ್ಲಿ ಅದು ನೂರಕ್ಕೆ ಹನ್ನೆರಡು ಭಾಗ. ಹೊರಹೋಗುವ ಹೊಗೆಯಲ್ಲಿ ಎಷ್ಟು ಕಡಿಮೆ ಉಳಿಯಿತೋ ಅಷ್ಟು ಯಂತ್ರ ಚೆನ್ನಾಗಿ ನಡೆಯಿತೆಂದು ಅರ್ಥ.

ಎರಡು ಪೊರೆಗಳನ್ನು ದೂರವಿಡುವುದು ಒಂದು ರಬ್ಬರಿನ ಚೌಕಟ್ಟು. ಕಾರ್ಮಿಕರು ಅದನ್ನು ‘ಪ್ಯಾಕಿಂಗ್’ ಎನ್ನುತ್ತಾರೆ. ಪ್ಯಾಕಿಂಗ್ ಎಷ್ಟು ದಪ್ಪವೋ ದ್ರಾವಕದ ಪದರವೂ ಅಷ್ಟೇ ದಪ್ಪ. ಯಂತ್ರದೊಡನೆ ಬಂದ ವಿಕ್ರಾಂತ ಎಂಬ ತರುಣ ಎಂಜಿನಿಯರ್ 0.2 ಮಿಲಿಮೀಟರನ್ನು ಹಾಕಿ ನೋಡಿದ. ಹೊರಹೋಗುವ ಹೊಗೆಯ ವಾಚನ, ಅಂದರೆ ರೀಡಿಂಗ್, 4.2ರ ಆಸುಪಾಸಿಗೆ ಇಳಿಯಿತು. ಆದರೆ ಆರು ತಾಸಿನೊಳಗೆ ದ್ರಾವಕ ಆರಿ, ಪೊರೆಗಳು ಒಂದಕ್ಕೊಂದು ಅಂಟಿ ಹರಿದವು. 0.8 ಹಾಕಿದಾಗ 7.8ರಲ್ಲಿ ನಿಂತಿತು. 0.4 ಹಾಕಿದಾಗ ಹನ್ನೆರಡರಿಂದ ಆರಕ್ಕೆ ಇಳಿದು, ದಿನಗಟ್ಟಲೆ ಅಲ್ಲಿಯೇ ನಿಂತಿತು. ವಿಕ್ರಾಂತ 0.4 ಎಂದು ಬರೆದಿಟ್ಟು, ಯಂತ್ರವನ್ನು ಸುಗಂಧಾ ಅವರ ಕೈಗೊಪ್ಪಿಸಿ, ಜನವರಿಯ ಕೊನೆಗೆ ಪುಣೆಗೆ ಮರಳಿದ. ಹೀಗೆ ಪಾತ್ರೆ ತೊಳೆಯಲು ಸೇರಿದ ಹೆಂಗಸು ಯಂತ್ರದ ನಿರ್ವಾಹಕಿಯಾದರು. ಈ ವಿಷಯ ಕೆಲವರ ಗಂಟಲಲ್ಲಿ ಇಳಿಯಲಿಲ್ಲ.

ಅವರಲ್ಲಿ ಮೊದಲಿಗರು ಮುರಗೆಪ್ಪ. ಆ ವಿಭಾಗದ ಉಪ ವ್ಯವಸ್ಥಾಪಕರು. ತಲೆಮಾರುಗಳಿಂದ ನೆಲೆನಿಂತ ಮನೆತನ, ಮೂವತ್ತನಾಲ್ಕು ಎಕರೆ ಕಬ್ಬು. ಇವರ ಕೃಷಿಜ್ಞಾನವೆಲ್ಲ ಒಂದೇ ಮಾತಿನಲ್ಲಿ ಅಡಗಿದೆ: ನೀರು ಹೆಚ್ಚಾದಷ್ಟು ಕಬ್ಬು ಹೆಚ್ಚು. ಕೃಷ್ಣೆಯ ದಂಡೆಯಲ್ಲಿ ಈ ಮೂಢನಂಬಿಕೆ ಹೊಸದಲ್ಲ. ಕಾಗವಾಡದಿಂದ ರಾಯಬಾಗದವರೆಗೆ ಸಾಲು ಮುಳುಗುವಂತೆ ನೀರು ನಿಲ್ಲಿಸಿ, ಮೊದಲ ವರ್ಷದ ಹಸಿರನ್ನು ಕಂಡು ಮೀಸೆ ತಿರುವಿ, ಹತ್ತನೆಯ ವರ್ಷಕ್ಕೆ ನೆಲ ಬೆಳ್ಳಗೆ ಸವಳಾದಾಗ ಸರ್ಕಾರವನ್ನು ಬೈಯುವುದು ಇಲ್ಲಿನ ದೊಡ್ಡ ಮನೆತನಗಳ ಪದ್ಧತಿ. ಮುರಗೆಪ್ಪನವರ ಮೂವತ್ತನಾಲ್ಕರಲ್ಲಿ ಹನ್ನೊಂದು ಎಕರೆ ಹೀಗೆ ಹಾಳಾಗಿದೆ. ಅದರಿಂದ ಅವರು ಕಲಿತ ಪಾಠ ಶೂನ್ಯ ಎಂಬುದಕ್ಕೆ 2024ರ ಫೆಬ್ರವರಿ 12, ಸೋಮವಾರ ಸಾಕ್ಷಿ.

ಆ ದಿನ ಅವರು ಯಂತ್ರದ ಬಳಿ ಬಂದು, ಪ್ಯಾಕಿಂಗನ್ನು ಎರಡು ಬೆರಳಿನ ನಡುವೆ ಹಿಡಿದು ನಕ್ಕರು.

“ಇದೇನ ಸುಗಂಧಾ, ಕಾಗದ ಇದ್ದಂಗ ಐತಿ! ಇಷ್ಟ ಔಷಧದಾಗ ಎಷ್ಟ ಗಾಳಿ ಹಿಡಿತೈತಿ? ಎರಡ ಮಿಲಿಮೀಟರಿಂದು ಹಾಕ್ರಿ.”

“ವಿಕ್ರಾಂತ ಸಾಹೇಬ್ರು ಪಾಯಿಂಟ ನಾಕ ಅಂತ ಬರದಿಟ್ಟಾರ್ರಿ.”

“ಅವಂಗೇನ ತಿಳಿತೈತಿ? ಅವನ ಹೊಲದಾಗ ಕಬ್ಬ ಐತೇನ? ನೀರ ಹೆಚ್ಚ ಕಟ್ಟಿದ್ರ ಕಬ್ಬ ಹೆಚ್ಚ. ಔಷಧ ಹೆಚ್ಚ ಹಾಕಿದ್ರ ಗಾಳಿ ಹೆಚ್ಚ ಕುಡಿತೈತಿ. ಇದಕ್ಕ ಪುಣೆಕ್ಕ ಹೋಗಿ ಕಲೀಬೇಕೇನ?”

ಫಿಟ್ಟರ್ ತುಕಾರಾಮ ಎರಡು ಮಿಲಿಮೀಟರಿನ ಪ್ಯಾಕಿಂಗ್ ಕತ್ತರಿಸಿ ಹಾಕಿದ. ಹೊಸ ದ್ರಾವಕ ತುಂಬಿದ ಹತ್ತು ನಿಮಿಷಕ್ಕೆ ಸುಗಂಧಾ ವಾಚನ ತೆಗೆದರು: 4.4. ಹಿಂದಿನ ದಿನ ಇದ್ದದ್ದು 6.0. ಮುರಗೆಪ್ಪ ಮೊಬೈಲಿನಲ್ಲಿ ಅದರ ಚಿತ್ರ ಹಿಡಿದರು, ನಿರ್ದೇಶಕರಿಗೆಲ್ಲ ಕಳುಹಿಸಿದರು, ಪೇಢೆ ತರಿಸಿದರು, ತಿಂದರು, ಹೊರಟುಹೋದರು.

ಅವರು ಅಲ್ಲಿ ಇನ್ನೊಂದು ತಾಸು ನಿಂತಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ. ಹೊಸದಾಗಿ ತುಂಬಿದ ದ್ರಾವಕ, ತೆಳುವಾಗಿರಲಿ ದಪ್ಪವಾಗಿರಲಿ, ಮೊದಲಿಗೆ ಗಬಗಬನೆ ಕುಡಿಯುತ್ತದೆ. 0.4ರ ಪದರವೂ ತುಂಬಿದ ಹತ್ತು ನಿಮಿಷಕ್ಕೆ 4.4ನ್ನೇ ತೋರಿಸುತ್ತಿತ್ತು, ಅದನ್ನು ತುಂಬಿದ ದಿನ ಮುರಗೆಪ್ಪ ಅಲ್ಲಿರಲಿಲ್ಲ, ಅಷ್ಟೇ. ಇವರು ಇಂದಿನ ಹೊಸ ಪದರವನ್ನು ಹಲವು ದಿನ ದುಡಿದ ಹಳೆಯ ಪದರದೊಡನೆ ತೂಗಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಕಲ್ಲು, ಇನ್ನೊಂದರಲ್ಲಿ ಬೆರಳಿಟ್ಟು ತೂಗುವ ವ್ಯಾಪಾರಿಗಳನ್ನು ನಾನು ಸೇವಾವಧಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ತಾವು ಮಾಡುತ್ತಿರುವುದು ಏನೆಂದಾದರೂ ತಿಳಿದಿರುತ್ತಿತ್ತು.

ಸುಗಂಧಾ ವಾಚನ ತೆಗೆಯುತ್ತಲೇ ಹೋದರು. ಒಂದು ತಾಸಿಗೆ 7.6. ನಾಲ್ಕು ತಾಸಿಗೆ 9.4. ಸಂಜೆಗೆ 9.8. ಹನ್ನೆರಡು ದಿನ ಅದು 9.8ರಿಂದ ಅಲುಗಲಿಲ್ಲ. ಅಂದರೆ ಯಂತ್ರ ಮೊದಲು ಹಿಡಿಯುತ್ತಿದ್ದುದರ ಮೂರನೆಯ ಒಂದು ಭಾಗವನ್ನು ಸ್ವಲ್ಪ ಮೀರಿ ಹಿಡಿಯುತ್ತಿತ್ತು. ಅವರು ಅದನ್ನೇ ಪುಸ್ತಕದಲ್ಲಿ ಬರೆದರು.

ಫೆಬ್ರವರಿ 24ರಂದು ಮುರಗೆಪ್ಪ ಅವರನ್ನು ತಮ್ಮ ಕೋಣೆಗೆ ಕರೆಸಿದರು. ಅಲ್ಲಿ ನಡೆದ ಮಾತನ್ನು ಬಾಗಿಲ ಬಳಿ ನಿಂತಿದ್ದ ತುಕಾರಾಮ ನನಗೆ ಹೇಳಿದ. ಸುಗಂಧಾ ಅವರನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.

“ನಾ ಇದ್ದಾಗ ನಾಕ ಪಾಯಿಂಟ ನಾಕ, ನಾ ಹೋದ ಮ್ಯಾಲ ಒಂಬತ್ತ ಪಾಯಿಂಟ ಎಂಟ. ಇದೇನ ಜಾದು?” ಎಂದರು ಮುರಗೆಪ್ಪ. “ವಾಲ್ವ ಬಿಚ್ಚಿದಿ, ಇಲ್ಲಾ ಸುಳ್ಳ ಬರದಿ. ಈ ಕಾಗದಕ್ಕ ಸಹಿ ಮಾಡ. ‘ನನ್ನ ತಪ್ಪಿನಿಂದ ರೀಡಿಂಗ್ ಸುಳ್ಳ ಬಿದ್ದಾವು’ ಅಂತ ಐತಿ. ಮುಗೀತು, ಯಾರೂ ನಿನಗೇನ ಅನ್ನಂಗಿಲ್ಲ.”

“ಸುಳ್ಳ ಬಿದ್ದಿಲ್ಲಲ್ರಿ.”

“ಸಹಿ ಮಾಡ್ಲಿಲ್ಲಂದ್ರ ನಿನ್ನ ಮ್ಯಾಲ ಚೌಕಶಿ, ವಿಚಾರಣಿ ಕುಂಡ್ರಸ್ತೇನಿ. ಕೆಲಸ ಹೋಗತೈತಿ, ನೋಡ.”

“ಹತ್ತೊಂಬತ್ತ ವರ್ಸದ ಪುಸ್ತಕ ಐತ್ರಿ ನಂದು. ಇವತ್ತ ಸುಳ್ಳ ಅಂತ ಸಹಿ ಮಾಡಿದ್ರ ಅಷ್ಟೂ ಸುಳ್ಳ ಆಗತಾವ. ಕುಂಡ್ರಸ್ರಿ ಚೌಕಶಿ.”

“ಎಷ್ಟ ಸೊಕ್ಕ ಬೇ ನಿನಗ!”

“ಸೊಕ್ಕಲ್ರಿ ಸಾಹೇಬ್ರ. ಲೆಕ್ಕ ಬರೋಬ್ಬರಿ ಐತಿ, ಅಷ್ಟ.”

ವಿಷಯ ಇಷ್ಟಕ್ಕೆ ಬಂದು ನಿಂತಿತು. ಸಹಿ ಮಾಡಿದರೆ ಅವರು ಸುಳ್ಳುಗಾರ್ತಿ. ಮಾಡದಿದ್ದರೆ ಕೆಲಸದಿಂದ ವಜಾ. ಇನ್ನೊಂದು ತೊಡಕೂ ಇತ್ತು. ಮಾರ್ಚ್ ಹದಿನಾರಕ್ಕೆ ಕಬ್ಬು ನುರಿಸುವ ಹಂಗಾಮು ಮುಗಿಯುವುದರಲ್ಲಿತ್ತು. ಬಾಯ್ಲರ್ ಆರಿದರೆ ಹೊಗೆಯಿಲ್ಲ. ಹೊಗೆಯಿಲ್ಲದಿದ್ದರೆ ಏನನ್ನೂ ಸಾಬೀತುಪಡಿಸಲಾಗದು. ಮುರಗೆಪ್ಪ ವಿಚಾರಣೆಯನ್ನು ಮಾರ್ಚ್ ಇಪ್ಪತ್ತಕ್ಕೆ ಇಟ್ಟಿದ್ದು ಆಕಸ್ಮಿಕವೆಂದು ನಂಬುವಷ್ಟು ಎಳೆಯವನು ನಾನಲ್ಲ.

ಸುಗಂಧಾ ಅಳಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ. ಆಡಳಿತ ಮಂಡಳಿಗೆ ಅರ್ಧ ಪುಟದ ಅರ್ಜಿ ಬರೆದರು. ಒಂದು ಕೋಶಕ್ಕೆ 0.4, ಪಕ್ಕದ ಕೋಶಕ್ಕೆ ಎರಡು ಮಿಲಿಮೀಟರ್. ಒಂದೇ ಹೊಗೆ, ಒಂದೇ ವೇಳೆ, ಎರಡಕ್ಕೂ ಹೊಸ ದ್ರಾವಕ. ಹೊರಬಂದ ಹೊಗೆಯನ್ನು ಎರಡು ರಬ್ಬರ್ ಚೀಲಗಳಲ್ಲಿ ತುಕಾರಾಮ ಹಿಡಿಯಬೇಕು. ಚೀಲಗಳಿಗೆ ನಿರ್ದೇಶಕರೇ ಗುಟ್ಟಾದ ಗುರುತು ಹಾಕಬೇಕು. ಯಾವ ಚೀಲ ಯಾವ ಕೋಶದ್ದು ಎಂದು ತನಗೆ ಹೇಳಕೂಡದು. ನಳಿಕೆಯ ಮಟ್ಟವನ್ನು ಓದುವವರೂ ನಿರ್ದೇಶಕರೇ. ಆರು ತಾಸು ಎಲ್ಲರೂ ಕುಳಿತಿರಬೇಕು. ಇದಕ್ಕಿಂತ ಶುದ್ಧವಾದ ಪರೀಕ್ಷಾಕ್ರಮವನ್ನು ಪದವಿಗಳ ಬಾಲ ಹೊತ್ತವರು ಬರೆದದ್ದನ್ನು ನಾನು ಓದಿಲ್ಲ. ಹೊರಗಿನ ಸಾಕ್ಷಿಯಾಗಿ, ಸೇವೆಯಲ್ಲಿದ್ದಾಗ ಆ ಕಾರ್ಖಾನೆಯ ತಕ್ಕಡಿಗಳನ್ನು ಪರೀಕ್ಷಿಸಲು ಹೋಗುತ್ತಿದ್ದ ನನ್ನ ಹೆಸರನ್ನು ಸೂಚಿಸಿದ್ದರು. ಚಿಕ್ಕೋಡಿಯಿಂದ ಎರಡು ಬಸ್ಸು ಬದಲಿಸಿ ಹೋದೆ.

ಮಾರ್ಚ್ 7, ಗುರುವಾರ, ಮಹಾಶಿವರಾತ್ರಿಯ ಹಿಂದಿನ ದಿನ. ಬಂದವರು ಇಬ್ಬರು ನಿರ್ದೇಶಕರು. ಒಬ್ಬರು ದ್ರಾಕ್ಷಿ ಬೆಳೆಯುವವರು. ಚೀಲವೊಂದಕ್ಕೆ ದ್ರಾಕ್ಷಿ ಎಲೆಯ ಚಿತ್ರ ಬರೆದರು. ಇನ್ನೊಬ್ಬರು ಕಬ್ಬಿನ ಗರಿ ಬರೆದರು. ಇಷ್ಟು ಹೊತ್ತಿಗೇ ದಣಿದು ಉಪ್ಪಿಟ್ಟು ಕೇಳಿದರು.

ಒಂಬತ್ತೂವರೆಗೆ ಹೊಗೆ ಬಿಟ್ಟರು. ಒಂಬತ್ತು ನಲವತ್ತಕ್ಕೆ ಮೊದಲ ವಾಚನ. ದ್ರಾಕ್ಷಿ ಎಲೆ 4.4. ಕಬ್ಬಿನ ಗರಿ 4.4.

ಮುರಗೆಪ್ಪ ಚಪ್ಪಾಳೆ ತಟ್ಟಿದರು. “ನೋಡಿದ್ರಿಲ್ಲೋ! ಎರಡೂ ಬರೋಬ್ಬರಿ. ನಂದೇನ ಕೆಟ್ಟೈತಿ? ಇಕಿ ಬರದ ಒಂಬತ್ತ ಪಾಯಿಂಟ ಎಂಟ ಎಲ್ಲಿ ಐತಿ? ಏಕದಮ್ ಸುಳ್ಳ. ಏಳ್ರಿ, ಹೋಗೂಣು.”

ದ್ರಾಕ್ಷಿಯ ನಿರ್ದೇಶಕರು ನಿಜವಾಗಿಯೂ ಎದ್ದು ನಿಂತರು. ಕಾರಿನ ಕೀಲಿ ಕೈಯಲ್ಲಿತ್ತು. ಸಹಿಯ ಕಾಗದವನ್ನು ಮುರಗೆಪ್ಪ ಕಿಸೆಯಲ್ಲಿಯೇ ಇಟ್ಟುಕೊಂಡು ಬಂದಿದ್ದರು. ತೆಗೆದು ಮೇಜಿನ ಮೇಲೆ ಹರಡಿದರು.

ಸುಗಂಧಾ ನಳಿಕೆಯಿಂದ ಕಣ್ಣು ತೆಗೆಯದೆ ಹೇಳಿದರು: “ಅರ್ಜಿಯಾಗ ಆರ ತಾಸ ಅಂತ ಐತ್ರಿ. ಹತ್ತ ನಿಮಿಷ ಆಗೇತಿ.”

“ಆರ ತಾಸ ಇಲ್ಲಿ ಹೊಗೀ ಕುಡಕೋತ ಕುಂಡ್ರೂಣೇನ?”

“ನಾ ಹತ್ತೊಂಬತ್ತ ವರ್ಸ ಕುಂತೇನ್ರಿ. ನೀವು ಆರ ತಾಸ ಕುಂಡ್ರ್ರಿ.”

ತುಕಾರಾಮ ಕೆಮ್ಮಿದಂತೆ ಮಾಡಿ ನಗುವನ್ನು ನುಂಗಿದ. ಅರ್ಜಿಗೆ ಮಂಡಳಿಯ ಒಪ್ಪಿಗೆಯ ಮೊಹರು ಬಿದ್ದಿದೆ, ವೇಳೆಗೆ ಮೊದಲು ಎದ್ದರೆ ಹಾಗೆಂದೇ ನನ್ನ ಸಾಕ್ಷಿಪತ್ರದಲ್ಲಿ ಬರೆಯುತ್ತೇನೆ ಎಂದು ನಾನು ಹೇಳಿದೆ. ಅವರು ಕುಳಿತರು, ನ್ಯಾಯಪ್ರಜ್ಞೆಯಿಂದಲ್ಲ, ಹೆದರಿಕೆಯಿಂದ.

ಹತ್ತೂವರೆಗೆ ದ್ರಾಕ್ಷಿ ಎಲೆ 6.0, ಕಬ್ಬಿನ ಗರಿ 7.6. ಹನ್ನೊಂದೂವರೆಗೆ 6.0, 8.4. ಒಂದೂವರೆಗೆ 6.0, 9.4. ಪ್ರತಿ ಸಲವೂ ಮಟ್ಟ ಓದಿದ್ದು ನಿರ್ದೇಶಕರ ಕಣ್ಣು, ಬರೆದದ್ದು ನಿರ್ದೇಶಕರ ಕೈ. ಮೂರೂವರೆಯ ವಾಚನ 6.0 ಮತ್ತು 9.8. ಆಗ ಚೀಲದ ಗುಟ್ಟು ಬಿಚ್ಚಿದರು. ಕಬ್ಬಿನ ಗರಿ ಎರಡು ಮಿಲಿಮೀಟರಿನ ಕೋಶ. ಸುಗಂಧಾ ಹನ್ನೆರಡು ದಿನ ಬರೆದಿದ್ದ ಸಂಖ್ಯೆಯೂ 9.8.

ಕಬ್ಬಿನ ನಿರ್ದೇಶಕರಿಗೆ ಆಗಲೂ ಅರ್ಥವಾಗಲಿಲ್ಲ. “ಔಷಧ ಐದ ಪಟ್ಟ ಹೆಚ್ಚೈತಿ, ಹಿಡಿಯೂದು ಯಾಕ ಕಡಿಮಿ?” ಎಂದು ಕೇಳಿದರು.

“ನೀರ ನಿಂತ ಹೊಲದಾಗ ಕಬ್ಬಿನ ಬೇರ ಯಾಕ ಕೊಳಿತಾವ್ರಿ?” ಎಂದರು ಸುಗಂಧಾ. “ಗಾಳಿ ಮುಟ್ಟಂಗಿಲ್ಲ. ನೀರಾಗ ಗಾಳಿ ಭಾಳ ಸಾವಕಾಶ ನಡಿತೈತ್ರಿ. ಬಟ್ಟಿ ತೊಯ್ಯೂವಷ್ಟ ನೀರಿದ್ರ ದಾಟತೈತಿ, ಮೊಣಕಾಲ ಮಟ ನಿಂತ್ರ ನಡುವ ದಣದ ನಿಂತಬಿಡತೈತಿ. ಇಲ್ಲೂ ಹಂಗ. ಔಷಧ ಕುಡದ್ರ ಸಾಲಂಗಿಲ್ರಿ, ಆಚೀ ದಂಡಿಗೆ ದಾಟಸಬೇಕು. ಮೊದಲ ಸಲ ಕುಡಿತೈತಿ, ಹೊಟ್ಟಿ ತುಂಬಿದ ಮ್ಯಾಲ ಎಷ್ಟ ದಾಟತೈತೋ ಅಷ್ಟ ಲೆಕ್ಕ. ದಾರಿ ಉದ್ದ ಆದ್ರ ದಾಟೂದು ಕಡಿಮಿ.”

ಹೊಲ ಎಂಬ ಮಾತು ಬಂದೊಡನೆ ಇಬ್ಬರೂ ನಿರ್ದೇಶಕರು ಮುರಗೆಪ್ಪನವರತ್ತ ನೋಡಿದರು. ಹನ್ನೊಂದು ಎಕರೆಯ ಕಥೆ ಅಲ್ಲಿ ತಿಳಿಯದವರು ಯಾರೂ ಇರಲಿಲ್ಲ. ನಾಚಿಕೆ ಎಂಬುದು ಇದ್ದಿದ್ದರೆ ಮುರಗೆಪ್ಪ ಆಗ ಸುಮ್ಮನಿರುತ್ತಿದ್ದರು. ಅವರು ಮೇಜು ಗುದ್ದಿ ಎದ್ದರು.

“ಹಂಗಾದ್ರ ಪೂರಾ ತೆಳ್ಳಗ ಮಾಡ್ರಿ! ಪಾಯಿಂಟ ಒಂದು ಹಾಕ್ರಿ! ನಾ ಮೊದಲಿಂದ ಅದನ್ನ ಹೇಳಾಕತ್ತೇನಿ.”

“ಪಾಯಿಂಟ ಎರಡಕ್ಕ ಪೊರಿ ಅಂಟಿ ಹರದಾವ್ರಿ ಜನವರಿಯಾಗ,” ಎಂದ ತುಕಾರಾಮ. “ಪಾಯಿಂಟ ಒಂದಕ್ಕ ಔಷಧ ಹಾಕೂದ್ಯಾಕ್ರಿ, ಬರೇ ನೆಕ್ಕಿಸಿದ್ರ ಸಾಕು.”

ಸಹಿಯಿಲ್ಲದ ಕಾಗದ ಮೇಜಿನ ಮೇಲೆಯೇ ಉಳಿಯಿತು. ಅದರ ಮೇಲೆ ಯಾರೋ ಉಪ್ಪಿಟ್ಟಿನ ತಟ್ಟೆ ಇಟ್ಟರು.

ಇಲ್ಲಿಗೆ ನ್ಯಾಯ ದೊರಕಿತು ಎಂದು ಓದುಗರು ಭಾವಿಸಿದರೆ ಅವರಿಗೆ ನಮ್ಮ ಕಚೇರಿಗಳ ಪರಿಚಯವಿಲ್ಲ. ಪರೀಕ್ಷೆಯಾದ ಇಪ್ಪತ್ತೇಳು ದಿನಗಳ ನಂತರ, ಏಪ್ರಿಲ್ 3ರಂದು, ಮಾರ್ಚ್ ಇಪ್ಪತ್ತರ ವಿಚಾರಣೆ ನಡೆಯದೆಯೇ, ಸುಗಂಧಾ ಅವರಿಗೆ ಪತ್ರ ಬಂತು: ‘ತಮ್ಮ ದೀರ್ಘ ಸೇವೆಯನ್ನು ಪರಿಗಣಿಸಿ, ಮಾನವೀಯ ನೆಲೆಯಲ್ಲಿ ತಮ್ಮನ್ನು ಕ್ಷಮಿಸಲಾಗಿದೆ.’ ಯಾವ ಅಪರಾಧಕ್ಕೆ ಕ್ಷಮೆ ಎಂಬುದು ಪತ್ರದಲ್ಲಿರಲಿಲ್ಲ. ಅವರು ಅದನ್ನು ಅದೇ ಲಕೋಟೆಯಲ್ಲಿ ಹಿಂದಿರುಗಿಸಿ, ಹಿಂಬದಿಯಲ್ಲಿ ಬರೆದರು: ‘ಕ್ಷಮೆ ಬೇಡ. ವಾಚನಗಳು ಸರಿ ಇದ್ದವು ಎಂದು ಬರೆಯಿರಿ.’ ಮೇ 11ಕ್ಕೆ ಎರಡನೆಯ ಪತ್ರ: ‘ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.’ ಅದನ್ನೂ ಹಿಂದಿರುಗಿಸಿದರು. ವಾರ್ಷಿಕ ದಿನದಂದು ಸೀರೆ, ತೆಂಗಿನಕಾಯಿ ಕೊಟ್ಟು ಸನ್ಮಾನಿಸುತ್ತೇವೆ ಎಂದು ಹೇಳಿ ಕಳುಹಿಸಿದರು. ಒಂದು ವಾಕ್ಯ ಬರೆಯಲು ಕೈಬಾರದವರು ಐದು ಮೀಟರ್ ಬಟ್ಟೆ ಕೊಡಲು ಸಿದ್ಧರಿದ್ದರು. ಸುಗಂಧಾ ಆ ದಿನ ರಜೆ ಹಾಕಿದರು.

“ಅಕ್ಕಾ, ಸೀರಿ ತಗೋಬೇಕಿತ್ತಲ್ಲ,” ಎಂದು ತುಕಾರಾಮ ಕಾಡಿದ.

“ನೀ ಉಟ್ಕೋ ಹೋಗ. ನಿನಗ ಚಂದ ಕಾಣತೈತಿ,” ಎಂದರಂತೆ.

ನವೆಂಬರಿನಲ್ಲಿ ಹೊಸ ಹಂಗಾಮು ಆರಂಭವಾಯಿತು. ಪುಣೆಯ ಸಂಸ್ಥೆ ಪ್ರಯೋಗವನ್ನು ಮುಂದುವರಿಸಲು ಒಂದು ಷರತ್ತು ಹಾಕಿತು. ಅದನ್ನು ಬರೆದವನು ವಿಕ್ರಾಂತ. ಸುಗಂಧಾ ಕಾಂಬಳೆಯವರು ತೆಗೆದ ವಾಚನಗಳನ್ನು ಮಾತ್ರ ಸ್ವೀಕರಿಸಲಾಗುವುದು. ಇಲ್ಲದಿದ್ದರೆ ಯಂತ್ರವನ್ನು ಬೇರೆಡೆಗೆ ಒಯ್ಯಲಾಗುವುದು. ಸುಗಂಧಾ ಅವರನ್ನು ಅಷ್ಟರಲ್ಲಿ ಯಂತ್ರದಿಂದ ಬಿಡಿಸಿ ನೀರು ಪರೀಕ್ಷೆಯ ವಿಭಾಗಕ್ಕೆ ಹಾಕಿದ್ದರು. ನವೆಂಬರ್ 18ರ ಬೆಳಿಗ್ಗೆ ಮುರಗೆಪ್ಪ ತಾವೇ ಅಲ್ಲಿಗೆ ನಡೆದುಹೋದರು.

“ಬಾ ಸುಗಂಧಾ, ಹಳೇದೆಲ್ಲ ಬಿಡ. ಯಂತ್ರ ಚಾಲೂ ಮಾಡ.”

“ಸುಳ್ಳ ಬರದಾಕಿ ಕೈಯಾಗ ಯಂತ್ರ ಯಾಕ ಕೊಡ್ತೀರ್ರಿ?”

“ಈಗ ಏನ ಮಾಡಬೇಕಂತಿ?”

“ಒಂದ ಸಾಲ ಬರೀಬೇಕ್ರಿ. ನಿಮ್ಮ ಸಹಿ ಬೇಕು.”

ಎಂಟು ತಿಂಗಳು ಹನ್ನೊಂದು ದಿನ ಆಗದಿದ್ದ ಕೆಲಸ ನಲವತ್ತು ನಿಮಿಷದಲ್ಲಿ ಆಯಿತು. ಪತ್ರದ ಪ್ರತಿಯನ್ನು ನಾನು ನೋಡಿದ್ದೇನೆ: ‘ಫೆಬ್ರವರಿ 12ರಿಂದ 24ರವರೆಗೆ ಶ್ರೀಮತಿ ಸುಗಂಧಾ ಕಾಂಬಳೆಯವರು ದಾಖಲಿಸಿದ ವಾಚನಗಳು ಸರಿಯಾಗಿದ್ದವು. ಆರೋಪ ತಪ್ಪಾಗಿತ್ತು.’ ಕೆಳಗೆ ಮುರಗೆಪ್ಪನವರ ಸಹಿ. ಸುಗಂಧಾ ಅದನ್ನು ನಿಂತಲ್ಲೇ ಎರಡು ಸಲ ಓದಿ, ದಿನಾಂಕ ಸರಿಯಿದೆಯೇ ನೋಡಿ, ಮಡಿಸಿಟ್ಟುಕೊಂಡರು. ಧನ್ಯವಾದ ಹೇಳಲಿಲ್ಲ; ಹೇಳಬೇಕಾದ ಕಾರಣವೂ ಇರಲಿಲ್ಲ.

ತುಕಾರಾಮ 0.4ರ ಪ್ಯಾಕಿಂಗ್ ಹಾಕಿದ. ದ್ರಾವಕ ತುಂಬಿದರು, ಹೊಗೆ ಬಿಟ್ಟರು. ಮುರಗೆಪ್ಪ ಮೊಬೈಲನ್ನು ಎತ್ತಿ ಹಿಡಿದು ಹತ್ತು ನಿಮಿಷ ಕಾದರು.

“ರೀಡಿಂಗ್ ತಗಿಯವಾ, ಫೋಟೋ ಹೊಡೀತೇನಿ.”

“ಈಗಿನ ರೀಡಿಂಗ್ ಖರೇ ಅಲ್ರಿ. ಇನ್ನ ಎರಡ ತಾಸ ಬೇಕು,” ಎಂದರು ಸುಗಂಧಾ. “ಕುಂಡ್ರೂದಿದ್ರ ಕುಂಡ್ರ್ರಿ. ಇಲ್ಲಾ ಹೋಗ್ರಿ.”

ಮುರಗೆಪ್ಪ ಹೋದರು.